ಊಹಿಸಲಾಗದ ದಾಳಿಯಂತೆ! ಪ್ಯಾಚ್ ಬಂದು ಎಷ್ಟು ಕಾಲವಾಯಿತು ಸ್ವಾಮಿ?

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಭಾಗದಲ್ಲಿ ಸೋಮವಾರ ಸಂಜೆಯಿಂದ ಇಂಟರ್‌ನೆಟ್ ಕೈಕೊಟ್ಟ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ತಲೆ ಕೆಟ್ಟಿತು. ಸೈಟಿನ ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್ ಸರ್ವರ್‌ಗೆ ಹೊರಗಿನಿಂದ ವಿಚಿತ್ರ ಸಂದೇಶಗಳು ಬಂದವಂತೆ, ಅದು ಡಿಎನ್‌ಎಸ್‌ಸೆಕ್ (ಬಂದ ಉತ್ತರ ಅಸಲಿಯೋ ನಕಲಿಯೋ ಅಂತ ನೋಡುವ ವ್ಯವಸ್ಥೆ) ಸಹಿ ಪರಿಶೀಲನೆಯಲ್ಲೇ ಸಿಕ್ಕಿಕೊಂಡು ಒದ್ದಾಡಿತಂತೆ, ‘ಇದು ಯಾರೂ ಊಹಿಸಲಾಗದ ದಾಳಿ’ ಅಂತ ಇಂಟರ್‌ನೆಟ್ ಕಂಪನಿಯ ವಕ್ತಾರರು ಹೇಳಿದ್ದಾರೆ. ನಿಮ್ಮ ವರದಿಗಾರರು ಅದನ್ನು ಹಾಗೇ ಬರೆದುಕೊಂಡು ಬಂದಿದ್ದಾರೆ. ಯಾವ ಸಾಫ್ಟ್‌ವೇರ್, ಯಾವ ವರ್ಷನ್, ಕೊನೇ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ, ಒಂದನ್ನೂ ಕೇಳಿಲ್ಲ. ಕೇಳಬೇಕಿತ್ತು ಅಲ್ವಾ?

ನಮ್ಮ ಪಾಡು ಮೊದಲು ಕೇಳಿ. ಅವತ್ತು ಮಗಳ ಪ್ರವೇಶ ಅರ್ಜಿಗೆ ಕೊನೇ ದಿನ. ಅರ್ಜಿ ತುಂಬಿ, ಫೋಟೊ ಏರಿಸಿ, ಶುಲ್ಕ ಕಟ್ಟುವ ಪುಟಕ್ಕೆ ಹೋಗುವ ಹೊತ್ತಿಗೆ ಸೈಟೇ ಸಿಗುತ್ತಿಲ್ಲ. ದುಡ್ಡು ಹೋಯಿತೋ ಉಳಿಯಿತೋ ಗೊತ್ತಿಲ್ಲ. ಬ್ಯಾಂಕಿನ ಆ್ಯಪ್ ತೆರೆದು ನೋಡೋಣ ಅಂದರೆ ಅದೂ ಸಿಗುತ್ತಿಲ್ಲ. ಮೊಬೈಲ್ ಡೇಟಾ ಹಾಕಿದೆ, ಅದೂ ಅದೇ ಕಂಪನಿದು, ಅದಕ್ಕೂ ಅದೇ ಸರ್ವರ್. ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಆನ್‌ಲೈನಲ್ಲೇ ನೋಡಬೇಕು, ಅದೂ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತ ಒಂದೇ ಮಂತ್ರ. ಮಾಡಿದ್ದೀನಮ್ಮಾ ಅಂದರೆ, ಹಾಗಾದರೆ ನಮ್ಮ ವೆಬ್‌ಸೈಟಿನಲ್ಲಿ ದೂರು ದಾಖಲಿಸಿ ಸರ್ ಅಂದರು. ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ ಅನ್ನುವ ದೂರನ್ನು ವೆಬ್‌ಸೈಟಿನಲ್ಲಿ ದಾಖಲಿಸಬೇಕು! ಇಷ್ಟು ಬುದ್ಧಿ ಖರ್ಚು ಮಾಡಿ ವ್ಯವಸ್ಥೆ ರೂಪಿಸಿದವರಿಗೆ ಯಾವುದಾದರೂ ಪ್ರಶಸ್ತಿ ಇದ್ದರೆ ದಯವಿಟ್ಟು ಕೊಡಿಸಿ.

ನಾನು ಒಂದು ಸಣ್ಣ ಆಫೀಸಿನಲ್ಲಿ ಸಿಸ್ಟಮ್ ನೋಡಿಕೊಳ್ಳುವವನು, ಹಾಗಾಗಿ ಸುಮ್ನೆ ಕೂರಲಿಲ್ಲ. ಸೈಟಿನ ಐಪಿ ನಂಬರ್‌ಗೆ (ನೆಟ್‌ನಲ್ಲಿ ಅದರ ವಿಳಾಸ) ಪಿಂಗ್ ಕೊಟ್ಟರೆ, ಅಂದರೆ ಇದ್ದೀಯಾ ಅಂತ ಕೂಗಿದರೆ, ಉತ್ತರ ಬರುತ್ತಿತ್ತು, ಹೆಸರು ಕೊಟ್ಟರೆ ಇಲ್ಲ. ಅಂದರೆ ಕೇಬಲ್ ಚೆನ್ನಾಗಿಯೇ ಇದೆ, ಹೆಸರನ್ನು ನಂಬರ್ ಮಾಡಿಕೊಡುವ ಸರ್ವರ್ ಮಲಗಿದೆ. ಡಿಎನ್‌ಎಸ್ ಜಾಗದಲ್ಲಿ ಬೇರೆಯವರ ಸಾರ್ವಜನಿಕ ಸರ್ವರ್‌ನ ನಂಬರ್ 9.9.9.9 ಅಂತ ಹಾಕಿದ ಕೂಡಲೇ ಎಲ್ಲ ಸರಿಹೋಯಿತು. ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು, ಅದು ಬೇರೆ ಮಾತು. ರಾತ್ರಿಯೆಲ್ಲ ಅಕ್ಕಪಕ್ಕದ ಮನೆಯವರ ಫೋನು, ಲ್ಯಾಪ್‌ಟಾಪ್ ಹಿಡಿದು ಅದನ್ನೇ ಬದಲಾಯಿಸಿಕೊಡುತ್ತಾ ಕೂತೆ. ಕಂಪನಿ ಮಾಡಬೇಕಾದ ಕೆಲಸವನ್ನು ನಾನು ಬಿಟ್ಟಿ ಮಾಡಿದೆ. ಈ ತಿಂಗಳ ಬಿಲ್ ಮಾತ್ರ ಪೂರ್ತಿ ಬಂದಿದೆ.

ಕಂಪನಿಯ ಸರ್ವರ್ ನಡುನಡುವೆ ಒಂದೊಂದು ಗಳಿಗೆ ಎದ್ದು ಕೂರುತ್ತಿತ್ತಲ್ಲ, ಆಗ ನೀನು ಯಾವ ವರ್ಷನ್ ಅಂತ ಡಿಗ್ ಅನ್ನುವ ಕಮಾಂಡ್ ಹಾಕಿ ಕೇಳಿದೆ. ಪಾಪ, ಪ್ರಾಮಾಣಿಕವಾಗಿ ಉತ್ತರ ಕೊಟ್ಟಿತು: ಬೈಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್, ವರ್ಷನ್ 9.16, ಅದೂ ಕೊನೆಯ ಅಂಕಿ 48ಕ್ಕಿಂತ ಎಷ್ಟೋ ಹಿಂದಿನದು. ಈ 48 ಯಾಕೆ ಹೇಳಿದೆ ಅಂದರೆ, ಸಹಿ ಪರಿಶೀಲನೆಯಲ್ಲೇ ಸರ್ವರ್ ಸಿಕ್ಕಿಕೊಳ್ಳುವ ಈ ತೊಂದರೆಗೆ ಒಂದು ಹೆಸರಿದೆ, ಕೀಟ್ರ್ಯಾಪ್. ಜರ್ಮನಿಯ ಅಥೀನ್ ಕೇಂದ್ರದ ಸಂಶೋಧಕರು ಕಂಡುಹಿಡಿದದ್ದು. ದಾಳಿ ಮಾಡುವವನು ತನ್ನ ಡೊಮೈನ್‌ನಲ್ಲಿ ಒಂದೇ ಗುರುತಿನ ಸಂಖ್ಯೆಯ ಕೀಗಳನ್ನು (ಸಹಿ ಪರಿಶೀಲಿಸಲು ಬಳಸುವ ಗುಪ್ತಲಿಪಿಯ ಸಂಖ್ಯೆಗಳು) ರಾಶಿ ಹಾಕಿ, ಜೊತೆಗೆ ಸಹಿಗಳನ್ನೂ ರಾಶಿ ಹಾಕಿಡುತ್ತಾನೆ. ನಿಯಮ ಪಾಲಿಸುವ ಸರ್ವರ್ ಪ್ರತಿ ಕೀಯನ್ನೂ ಪ್ರತಿ ಸಹಿಗೂ ಹಾಕಿ ನೋಡುತ್ತಾ ಕೂರುತ್ತದೆ, ಬೇರೆಯವರಿಗೆ ಉತ್ತರ ಕೊಡಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಒಂದೇ ಒಂದು ಪ್ಯಾಕೆಟ್‌ನಿಂದ, ಅಂದರೆ ನೆಟ್‌ನಲ್ಲಿ ಬರುವ ಒಂದು ಪುಟ್ಟ ಸಂದೇಶದಿಂದ, ಬೈಂಡನ್ನು 16 ಗಂಟೆವರೆಗೂ ಹಾಗೆ ಸಿಕ್ಕಿಸಿಡಬಹುದು ಅಂತ ಅವರು ತೋರಿಸಿದ್ದರು. ಇದಕ್ಕೆ ಪರಿಹಾರ, ಅಂದರೆ ದೋಷ ಸರಿಮಾಡುವ ಪ್ಯಾಚ್, 2024ರ ಫೆಬ್ರವರಿಯಲ್ಲೇ ಬಂತು, 9.16.48ರಲ್ಲಿ, 9.18.24ರಲ್ಲಿ. ಆ ಏಪ್ರಿಲ್‌ನಲ್ಲಿ 9.16ಕ್ಕೆ ಬೆಂಬಲವೇ ಮುಗಿಯಿತು. ಇದೇ ಕೆಲಸ ಮಾಡುವ ಬೇರೆ ಸಾಫ್ಟ್‌ವೇರ್‌ಗಳಾದ ಅನ್‌ಬೌಂಡ್, ಪವರ್‌ಡಿಎನ್‌ಎಸ್‌ನವರೂ ಆ ಫೆಬ್ರವರಿಯಲ್ಲೇ ಪ್ಯಾಚ್ ಕೊಟ್ಟರು. ಎಲ್ಲಾ ಬಿಟ್ಟಿ. ಔಷಧಿ ತಂದು ಕಪಾಟಿನಲ್ಲಿಟ್ಟು ಜ್ವರ ಇಳಿಯಲಿಲ್ಲ ಅಂದರೆ ಡಾಕ್ಟರು ಏನು ಮಾಡಬೇಕು?

ಇಲ್ಲಿ ಒಂದು ನ್ಯಾಯದ ಮಾತು. ಸರ್ವರ್‌ಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕೊಡುವ ಕೆಲವರು ಹಳೇ ವರ್ಷನ್ ನಂಬರನ್ನೇ ಇಟ್ಟುಕೊಂಡು ಒಳಗೆ ಪ್ಯಾಚ್ ಮಾತ್ರ ಸೇರಿಸುತ್ತಾರೆ. ಹಾಗಾಗಿ ನಂಬರ್ ನೋಡಿ ಪೂರ್ತಿ ತೀರ್ಮಾನ ಮಾಡಲು ಆಗುವುದಿಲ್ಲ. ಸರಿ, ಹಾಗಿದ್ದರೆ ಪ್ಯಾಚ್ ಹಾಕಿದ್ದೆವು ಅಂತ ಬಾಯಿಬಿಟ್ಟು ಹೇಳಲಿ. ಹೇಳಲಿಲ್ಲ. ಅದರ ಬದಲು ಮರುದಿನ ನಾನು ಮತ್ತೆ ಡಿಗ್ ಹಾಕಿದರೆ ವರ್ಷನ್‌ನ ಜಾಗದಲ್ಲಿ ಉತ್ತರವೇ ಖಾಲಿ. ಅಬ್ಬಾ, ಎಂಥ ಚುರುಕು! ಬೋರ್ಡ್ ಕಿತ್ತು ಒಳಗಿಟ್ಟಿದ್ದಾರೆ. ದಾಳಿ ಮಾಡುವವನು ವರ್ಷನ್ ಕೇಳಿಕೊಂಡು ಬರುತ್ತಾನಾ, ಸುಮ್ನೆ ಪ್ಯಾಕೆಟ್ ಎಸೆದು ನೋಡುತ್ತಾನೆ.

ಊಹಿಸಲಾಗದು ಅನ್ನುವ ಪದವೇ ನನ್ನನ್ನು ಉರಿಸಿದ್ದು. 2008ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ಕಮಿನ್ಸ್‌ಕಿ ತೋರಿಸಿದ ಡಿಎನ್‌ಎಸ್ ದೋಷ ನೆನಪಿದೆಯಾ? ಸರ್ವರ್ ತಾನು ಕೇಳುವ ಪ್ರಶ್ನೆಗೆ ಹಾಕುವ ಗುರುತಿನ ಸಂಖ್ಯೆ ಬರೀ 65,536ರಲ್ಲಿ ಒಂದು, ಅದನ್ನು ಊಹಿಸಿ ಸುಳ್ಳು ಉತ್ತರ ತುರುಕಿದರೆ ನೀವು ಬ್ಯಾಂಕಿನ ಹೆಸರು ಹೊಡೆದರೂ ಕಳ್ಳನ ಸೈಟಿಗೆ ಹೋಗಬಹುದು. ಜುಲೈ 8ರಂದು ಹತ್ತಾರು ಕಂಪನಿಗಳು ಒಟ್ಟಿಗೆ ಪ್ಯಾಚ್ ಬಿಟ್ಟವು. 2015ರಲ್ಲಿ ಇನ್ನೊಂದು, ಟಿಕೀ ದೋಷ. ಒಂದೇ ಪ್ಯಾಕೆಟ್ ಬಂದರೆ ಬೈಂಡ್ ನಿಂತುಹೋಗುತ್ತಿತ್ತು, ಪ್ಯಾಚ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. 2020ರ ಜುಲೈನಲ್ಲಿ ವಿಂಡೋಸ್ ಡಿಎನ್‌ಎಸ್ ಸರ್ವರ್‌ನಲ್ಲಿ ಸಿಗ್‌ರೆಡ್, 17 ವರ್ಷ ಒಳಗೇ ಕೂತಿದ್ದ ದೋಷ, ಅಪಾಯದ ಲೆಕ್ಕದಲ್ಲಿ 10ಕ್ಕೆ 10 ಅಂಕ. 2025ರ ಅಕ್ಟೋಬರ್‌ನಲ್ಲಿ ಮತ್ತೆ ಬೈಂಡ್‌ನಲ್ಲೇ ಪ್ರಶ್ನೆ ಹೊರಡುವ ಪೋರ್ಟ್ ಸಂಖ್ಯೆಯನ್ನೂ ಅದರ ಗುರುತಿನ ಸಂಖ್ಯೆಯನ್ನೂ ಮೊದಲೇ ಲೆಕ್ಕ ಹಾಕಬಹುದಾದ ದೋಷ ಸಿಕ್ಕಿ, 9.18.41 ಮತ್ತು 9.20.15 ಬಂದವು. ದೋಷ ಬರುತ್ತೆ, ಪ್ಯಾಚ್ ಬರುತ್ತೆ, ಹಾಕಬೇಕು. ಬೈಂಡ್ ಮಾಡುವ ಐಎಸ್‌ಸಿ ಸಂಸ್ಥೆ ಹೆಸರು ನೋಂದಾಯಿಸಿದವರಿಗೆಲ್ಲ ಮೇಲ್ ಕಳಿಸುತ್ತದೆ, ದುಡ್ಡು ಕೊಡುವ ಗ್ರಾಹಕರಿಗೆ ಕೆಲವು ದಿನ ಮೊದಲೇ ಗುಟ್ಟಾಗಿ ತಿಳಿಸುತ್ತದೆ. ಇದರಲ್ಲಿ ಊಹೆ ಮಾಡಬೇಕಾದ್ದು ಏನಿದೆ? ಮೇಲ್ ಓದಬೇಕು ಅಷ್ಟೇ.

ಅಪ್‌ಡೇಟ್ ಮಾಡಿದರೆ ಸೇವೆ ನಿಲ್ಲುತ್ತದೆ ಅನ್ನುವ ಹಳೇ ರಾಗ ಬೇಡ. ಎರಡು ಸರ್ವರ್ ಇಡುವುದೇ ಅದಕ್ಕೆ. ಒಂದನ್ನು ಪಕ್ಕಕ್ಕೆ ತೆಗೆದು, ಹೊಸದು ಹಾಕಿ, ಕಾನ್ಫಿಗ್ ಸರಿಯಿದೆಯಾ ಅಂತ ಪರೀಕ್ಷಿಸಿ, ಶುರು ಮಾಡಿ, ಆಮೇಲೆ ಇನ್ನೊಂದು. ರೀಸ್ಟಾರ್ಟ್ ಆದಾಗ ಕ್ಯಾಶ್ (ನೆನಪಿಟ್ಟುಕೊಂಡ ಉತ್ತರಗಳು) ಖಾಲಿಯಾಗಿ ಸ್ವಲ್ಪ ಹೊತ್ತು ನಿಧಾನ ಆಗಬಹುದು, ಅಷ್ಟು ನಾವು ಸಹಿಸಿಕೊಳ್ಳುತ್ತೇವೆ. ದೊಡ್ಡ ವರ್ಷನ್ ಬದಲಾದರೆ ಕೆಲವು ಹಳೇ ಸೆಟ್ಟಿಂಗ್ ನಡೆಯುವುದಿಲ್ಲ, ಅದಕ್ಕೆ ಒಂದು ದಿನ ಕೂತು ಓದಬೇಕು, ನಿಜ. ಇನ್ನು ಕೆಲವರು ಪ್ಯಾಕೇಜ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡುವುದನ್ನೇ ಬಿಡುತ್ತಾರೆ. ಡಿಸ್ಕ್‌ನಲ್ಲಿ ಹೊಸದು, ಮೆಮೊರಿಯಲ್ಲಿ ಓಡುವುದು ಹಳೇದು, ರಿಪೋರ್ಟ್‌ನಲ್ಲಿ ಮಾತ್ರ ಎಲ್ಲ ಹಸಿರು.

ಮನೆಗೆ ಕೊಟ್ಟ ರೂಟರ್ ಕಥೆ ಇದಕ್ಕಿಂತ ಚಂದ. ಅದರೊಳಗೆ ಡಿಎನ್‌ಎಸ್‌ಮಾಸ್ಕ್ ಅಂತ ಪುಟ್ಟ ಸಾಫ್ಟ್‌ವೇರ್ ಇದೆ. 2021ರ ಜನವರಿಯಲ್ಲಿ ಅದರಲ್ಲಿ ಏಳು ದೋಷ ಒಟ್ಟಿಗೆ ಹೊರಬಿದ್ದು ವರ್ಷನ್ 2.83ರಲ್ಲಿ ಸರಿಯಾದವು. ನಮ್ಮ ರೂಟರ್‌ನಲ್ಲಿ ಅದಕ್ಕಿಂತ ಹಳೇದೇ ಇದೆ. ನಾವೇ ಬದಲಾಯಿಸೋಣ ಅಂದರೆ ಕಂಪನಿ ಬೀಗ ಹಾಕಿದೆ. ಅವರೂ ಮಾಡಲ್ಲ, ನಮಗೂ ಬಿಡಲ್ಲ.

ಇನ್ನು ಇವರ ಮೇಲೆ ಕಣ್ಣಿಡಬೇಕಾದ ಅಧಿಕಾರಿಗಳು. ಸಿಗ್‌ರೆಡ್ ಬಂದಾಗ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅಲ್ಲಿನ ಸರ್ಕಾರಿ ಕಚೇರಿಗಳಿಗೆ 24 ಗಂಟೆ ಗಡುವು ಕೊಟ್ಟಿತ್ತು. ನಮ್ಮವರು ‘ವರದಿ ಕೇಳಿದ್ದೇವೆ’ ಅಂದಿದ್ದಾರೆ. ಕಳೆದ ಸಲ ಕೇಬಲ್ ಅಗೆದು ಹಾಕಿದಾಗಲೂ ವರದಿ ಕೇಳಿದ್ದರು, ಆ ವರದಿ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿದೆಯೋ ದೇವರೇ ಬಲ್ಲ. ಆ ಕಚೇರಿಯ ಸ್ವಂತ ಸೈಟಿನ ಭದ್ರತಾ ಸರ್ಟಿಫಿಕೇಟ್ ಅವಧಿ ಮುಗಿದು ಬ್ರೌಸರ್ ಎಲ್ಲ ಕೆಂಪು ಎಚ್ಚರಿಕೆ ತೋರಿಸುತ್ತಿದ್ದಾಗ ನಾನೇ ಪತ್ರ ಬರೆದಿದ್ದೆ. ‘ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಅಂತ ಉತ್ತರ ಬಂತು, ಎಚ್ಚರಿಕೆ ಹಾಗೇ ಇತ್ತು. ಕೌಂಟರಿಗೆ ಹೋದರೆ ‘ಸರ್ವರ್ ಡೌನ್, ನಾಳೆ ಬನ್ನಿ’. ಸರ್ವರ್ ಎದ್ದಿರುವ ದಿನ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಬೀದಿದೀಪದ ಅರ್ಜಿಯ ಗತಿ ಹೇಳಲು ಹೊರಟರೆ ನೀವು ಇನ್ನೊಂದು ಪುಟ ಕೊಡಬೇಕಾಗುತ್ತದೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಬೇಕು. ಡಿಎನ್‌ಎಸ್ ಸರ್ವರ್ ಅಪ್‌ಡೇಟ್ ಮಾಡಲಿ, ಮಾಡಿದ್ದೇವೆ ಅಂತ ದಿನಾಂಕ ಹಾಕಿ ತಿಳಿಸಲಿ, ಇಲ್ಲ ನಮಗೆ ಬರಲ್ಲ ಅಂತ ಒಪ್ಪಿಕೊಂಡು ಬಿಲ್ಲಾದರೂ ಕಡಿಮೆ ಮಾಡಲಿ. ರೂಟರ್ ಬೀಗ ತೆಗೆಯಲಿ. ಅಧಿಕಾರಿಗಳು ಎದ್ದೇಳಲಿ, ಏಳದಿದ್ದರೆ ಕುರ್ಚಿ ಬಿಡಲಿ. ಮತ್ತೆ ಆ ವಕ್ತಾರರಿಗೆ ಯಾರಾದರೂ ಮೇಲ್ ತೆರೆದು ಓದುವುದು ಹೇಗೆ ಅಂತ ಕಲಿಸಲಿ.

ಇತಿ,
ಬಿಲ್ ಮಾತ್ರ ತಪ್ಪದೆ ಕಟ್ಟುವ ಒಬ್ಬ ಗ್ರಾಹಕ