ಮಗಳಿಗೊಂದು ಪತ್ರ: ಎತ್ತರಕ್ಕೆ ಹೊರಟವಳ ರಕ್ತದ ಬಗ್ಗೆ

ಪುಟ್ಟಿ,

ನಾಡಿದ್ದು ಸೈಕಲ್ ತಂಡದ ಜೊತೆ ಬೆಟ್ಟದ ಶಿಬಿರಕ್ಕೆ ಹೊರಡುತ್ತೀಯ. ನಿನ್ನೆ ಫೋನಿನಲ್ಲಿ ಏನೇನು ಮಾತಾಯಿತು ಅನ್ನುವುದು ಇಬ್ಬರಿಗೂ ನೆನಪಿದೆ, ಮತ್ತೆ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ. ಔಷಧಿಯ ಬಗ್ಗೆ ಕೇಳಿದ ಪ್ರಶ್ನೆಗೆ ಬೇಜಾರಿಲ್ಲ. "ನಿನಗೆ ರೇಸ್ ಗೊತ್ತಿಲ್ಲ ಅಮ್ಮ, ರಕ್ತ ಅಷ್ಟೇ ಗೊತ್ತು" ಅಂದೆಯಲ್ಲ, ಸರಿ. ರಕ್ತದ ವಿಷಯವನ್ನೇ ಬರೆಯುತ್ತೇನೆ. ಲ್ಯಾಬಿನವಳು ಬರೆದದ್ದು ಅಂದುಕೊಂಡು ಓದು.

"ಸಣ್ಣ ಡೋಸ್, ರಿಕವರಿಗೆ ಅಷ್ಟೇ, ಎಲ್ಲರೂ ತಗೊಳ್ತಾರೆ" ಎಂದು ನಿನ್ನ ಕಿವಿಗೆ ಯಾರೋ ಹಾಕಿದ್ದಾರೆ. ಯಾರು ಎಂದು ನೀನು ಹೇಳಲಿಲ್ಲ, ನಾನೂ ಬಲವಂತ ಮಾಡುವುದಿಲ್ಲ. ಏರುವ ಸವಾರರ ಕಿವಿಯಲ್ಲಿ ಈ ಮಾತು ಬಿದ್ದರೆ ಅದು ಬಹುಪಾಲು ಇಪಿಒ ಬಗ್ಗೆಯೇ ಇರುತ್ತದೆ. ಕಿಡ್ನಿ ತಾನಾಗಿಯೇ ತಯಾರಿಸುವ ಹಾರ್ಮೋನು ಅದು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಇನ್ನಷ್ಟು ಕೆಂಪುಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುತ್ತದೆ. ಅದರ ಕೃತಕ ರೂಪ ಬಂದದ್ದು ಕಿಡ್ನಿ ಸೋತು ರಕ್ತ ಕಡಿಮೆಯಾದವರಿಗಾಗಿ. ಅವರಿಗೆ ಕೊಡುವಾಗಲೂ ಹಿಮೊಗ್ಲೋಬಿನ್ 13ರ ಮೇಲೆ ಏರಿಸಲು ವೈದ್ಯರು ಹೋಗುವುದಿಲ್ಲ. ಏರಿಸಿ ನೋಡಿದಾಗ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಾದದ್ದು ಕಂಡಿದೆ. ಕಾಯಿಲೆಯವರಿಗೇ ಇಷ್ಟು ಅಳತೆ ಇರುವಾಗ, 13.5 ಇರುವ ಆರೋಗ್ಯವಂತ ಹುಡುಗಿಗೆ ಅದನ್ನು ಚುಚ್ಚಲು ಬಂದವನಿಗೆ ಅಳತೆ ಹೇಳಿಕೊಟ್ಟವರು ಯಾರು?

ನನ್ನ ಭಯ ಇರುವುದು ರೇಸಿನ ಹೊತ್ತಿನದಲ್ಲ, ರಾತ್ರಿಯದು. ಇದನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟೆಂದು ಹೇಳುವುದು ಹೆಮಟೊಕ್ರಿಟ್. ಅದು 50 ದಾಟಿದ ಮೇಲೆ ರಕ್ತದ ಮಂದತನ ನೇರ ಗೆರೆಯಲ್ಲಿ ಏರುವುದಿಲ್ಲ, ಕಡಿದಾಗಿ ಏರುತ್ತದೆ. ಮತ್ತೊಂದು ಗುಣ ಬಹಳ ಸವಾರರಿಗೆ ಗೊತ್ತಿಲ್ಲ: ರಕ್ತ ನಿಧಾನವಾಗಿ ಹರಿದಷ್ಟೂ ಮಂದ. ವೇಗ ಕಡಿಮೆಯಾದರೆ ಕೆಂಪುಕಣಗಳು ಒಂದರ ಮೇಲೊಂದು ನಾಣ್ಯ ಜೋಡಿಸಿದಂತೆ ಅಂಟಿಕೊಳ್ಳುತ್ತವೆ. ಏರಿನಲ್ಲಿ ನಿಮಿಷಕ್ಕೆ 175 ಬಾರಿ ಹೃದಯ ಬಡಿಯುವಾಗ ಆ ರಕ್ತ ಹೇಗೋ ಓಡುತ್ತದೆ. ಅದೇ ಹೃದಯ ರಾತ್ರಿ 40ಕ್ಕೆ ಇಳಿಯುತ್ತದೆ, ಒಳ್ಳೆಯ ಸವಾರರದು ಅದಕ್ಕಿಂತಲೂ ಕೆಳಗೆ. ಐದು ಗಂಟೆ ತುಳಿದು ಎರಡು ಮೂರು ಲೀಟರ್ ಬೆವರು ಕಳೆದುಕೊಂಡ ಮೈ, ಪೂರ್ತಿ ತುಂಬಿಸದ ನೀರು, ಒಣ ಗಾಳಿಯಲ್ಲಿ ಉಸಿರಿನೊಂದಿಗೆ ಹೋಗುವ ತೇವ, ಎತ್ತರಕ್ಕೆ ಬಂದ ಮೊದಲ ದಿನಗಳಲ್ಲಿ ತಾನಾಗಿಯೇ ಕುಗ್ಗುವ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ. ಇಷ್ಟರ ಮೇಲೆ ಇಂಜೆಕ್ಷನ್ ತಯಾರಿಸಿದ ಹೆಚ್ಚುವರಿ ಕಣಗಳು. ಕಾಲಿನ ರಕ್ತನಾಳದಲ್ಲಿ ಗಟ್ಟಿಯಾದ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಕೂತರೆ ಪಕ್ಕದ ಹಾಸಿಗೆಯವಳಿಗೂ ಗೊತ್ತಾಗುವುದಿಲ್ಲ.

1990ರ ದಶಕದ ಸವಾರರು ರಾತ್ರಿ ಅಲಾರಾಂ ಇಟ್ಟು ಎದ್ದು, ರಕ್ತ ಓಡಲೆಂದು ಬಸ್ಕಿ ಹೊಡೆಯುತ್ತಿದ್ದರು ಎಂಬ ಮಾತು ಆ ವಲಯದಲ್ಲಿ ಇಂದಿಗೂ ಇದೆ. 1980ರ ದಶಕದ ಕೊನೆಯಲ್ಲಿ ಹಾಲೆಂಡ್, ಬೆಲ್ಜಿಯಂಗಳಲ್ಲಿ ಎಳೆಯ ಸವಾರರು ಸತ್ತಾಗ ಇಪಿಒ ಮೇಲೆ ಗುಮಾನಿ ಬಂತು, ಆದರೆ ನಂಟು ಸಾಬೀತಾಗಲಿಲ್ಲ. ಹೆದರಿಸಲೆಂದು ಸುಳ್ಳು ಸೇರಿಸುವುದಿಲ್ಲ. ಸಾಬೀತಾದದ್ದೇ ಸಾಕು. 2011ರಲ್ಲಿ ಇಟಲಿಯ ರಿಕಾರ್ಡೊ ರಿಕ್ಕೊ ಜೀವಾಪಾಯದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ. 25 ದಿನ ಫ್ರಿಜ್ಜಿನಲ್ಲಿಟ್ಟ ತನ್ನದೇ ರಕ್ತವನ್ನು ತಾನೇ ಏರಿಸಿಕೊಂಡಿದ್ದ ಎಂದು ಆಗ ವರದಿಯಾಯಿತು. ರಕ್ತನಿಧಿಯಲ್ಲಿ 2ರಿಂದ 6 ಡಿಗ್ರಿಯೊಳಗೆ, ಏರುಪೇರಾದರೆ ಕೂಗುವ ಯಂತ್ರದಲ್ಲಿಟ್ಟು ಕಾಯುವ ವಸ್ತು ಅದು. ಅಡುಗೆಮನೆಯ ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಯೋಚಿಸು.

ಇನ್ನೊಂದು ಮಾತು, ಇದನ್ನು ಕೋಚ್ ಹೇಳುವುದಿಲ್ಲ. ಮುಟ್ಟಿನ ತೊಂದರೆಗೆ ಈಸ್ಟ್ರೊಜನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಸ್ವಲ್ಪ ಹೆಚ್ಚು. ಅದನ್ನು ಶಿಬಿರದ ವೈದ್ಯರಿಗೆ ಬಾಯಿಬಿಟ್ಟು ಹೇಳು. ನಾಚಿಕೆ ಬೇಡ. ಮೀನಖಂಡ ಒಂದೇ ಕಡೆ ಊದಿ, ಬಿಸಿಯಾಗಿ, ನೋವು ಬಂದರೆ "ಟ್ರೈನಿಂಗ್ ನೋವು" ಎಂದು ಮಸಾಜ್ ಮಾಡಿಸಿಕೊಳ್ಳಲು ಹೋಗಬೇಡ, ನೇರ ಆಸ್ಪತ್ರೆಗೆ ಹೋಗು. ರಾತ್ರಿಯಾಗಿದ್ದರೂ.

ಬೆಟ್ಟಕ್ಕೇ ಯಾಕೆ ಸೂಜಿ ಅಂಟಿಕೊಂಡು ಬರುತ್ತದೆ ಅನ್ನುವುದು ಬರೀ ಗುಣಾಕಾರ. ಬಯಲಿನಲ್ಲಿ ಗುಂಪಿನ ಹಿಂದೆ ಅಡಗಿದರೆ ಗಾಳಿಯ ಹೊರೆ ಮೂರರಲ್ಲೊಂದು ಪಾಲಾದರೂ ಇಳಿಯುತ್ತದೆ. ಶೇ 8ರ ಏರಿನಲ್ಲಿ ಅಡಗಲು ಜಾಗವೇ ಇಲ್ಲ, ಎತ್ತುತ್ತಿರುವುದು ತೂಕ. ನೀನು, ಸೈಕಲ್, ಬಾಟಲಿ ಎಲ್ಲ ಸೇರಿ 63 ಕೆ.ಜಿ. ಎನ್ನು. 1000 ಮೀಟರ್ ಮೇಲೇರಿಸಲು ಸುಮಾರು 618 ಕಿಲೋಜೂಲ್ ಬೇಕು. ಗಾಳಿ, ಟಯರಿನ ತಿಕ್ಕಾಟ ಬಿಟ್ಟರೆ 230 ವ್ಯಾಟ್‌ನಲ್ಲಿ ಇದು ಮುಕ್ಕಾಲು ಗಂಟೆಯ ಕೆಲಸ. ಶಕ್ತಿ ಶೇ 5 ಹೆಚ್ಚಾದರೆ ಎರಡು ನಿಮಿಷಕ್ಕೂ ಮೇಲೆ ಉಳಿಯುತ್ತದೆ. 2024ರ ಮಹಿಳೆಯರ ಟೂರ್ ಡಿ ಫ್ರಾನ್ಸ್ ಆಲ್ಪ್ ದ್ಯುಯೆಜ್ ಏರಿನಲ್ಲಿ ಮುಗಿದಾಗ ಕಾಶಿಯಾ ನಿಯೆವಿಯಾಡೋಮಾ ಒಟ್ಟು ಗೆದ್ದದ್ದು 4 ಸೆಕೆಂಡಿನಲ್ಲಿ. ನಿನಗೆ ಔಷಧಿಯ ಬಾಟಲಿ ತೋರಿಸಿದವನಿಗೆ ಈ ಲೆಕ್ಕ ಬಾಯಿಪಾಠವಾಗಿರುತ್ತದೆ. ನಾನು ಹೇಳುವ ರಾತ್ರಿಯ ಲೆಕ್ಕ ಅವನಿಗೂ ಗೊತ್ತು, ಬಾಯಿಬಿಡುವುದಿಲ್ಲ ಅಷ್ಟೆ.

ಇಪಿಒ ಪತ್ತೆಗೆ ಪರೀಕ್ಷೆ ಇಲ್ಲದಿದ್ದ ಕಾಲದಲ್ಲಿ, 1997ರಲ್ಲಿ, ಸೈಕ್ಲಿಂಗ್ ಒಕ್ಕೂಟ ಗಂಡಸರಿಗೆ 50, ಹೆಂಗಸರಿಗೆ 47 ಎಂದು ಹೆಮಟೊಕ್ರಿಟ್ ಮಿತಿ ಇಟ್ಟಿತು. ಆಗ ಆದದ್ದೇನು? ಮಿತಿಯೇ ಗುರಿಯಾಯಿತು, 49ರವರೆಗೆ ತುಂಬಿಸಿಕೊಂಡರು. 1999ರ ಜೂನ್ 5ರಂದು ಮಡೊನ್ನಾ ದಿ ಕಂಪೀಲ್ಯೊದಲ್ಲಿ ಇಟಲಿಯ ಸವಾರ ಮಾರ್ಕೊ ಪಂಟಾನಿಯ ರಕ್ತ 52 ತೋರಿಸಿತು. ಗೆಲ್ಲುವ ಅಂಚಿನಲ್ಲಿದ್ದ ಜಿರೊ ಎಂಬ ಇಟಲಿಯ ದೊಡ್ಡ ರೇಸಿನಿಂದ ಹೊರಗೆ ಕಳಿಸಿದರು. ಬೆಟ್ಟ ಏರುವುದರಲ್ಲಿ ಅವನಂಥವರು ವಿರಳ. 2004ರಲ್ಲಿ ಹೋಟೆಲ್ ಕೋಣೆಯಲ್ಲಿ ಕೊಕೇನಿನಿಂದ ಸತ್ತ, 34 ವರ್ಷಕ್ಕೆ. ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಈಗ ಒಂದೇ ಸಂಖ್ಯೆ ನೋಡುವುದಿಲ್ಲ. 2008ರಿಂದ ಜೈವಿಕ ಪಾಸ್‌ಪೋರ್ಟ್ ಇದೆ: ನಿನ್ನ ಹಿಮೊಗ್ಲೋಬಿನ್, ಎಳೆಯ ಕೆಂಪುಕಣಗಳಾದ ರೆಟಿಕ್ಯುಲೊಸೈಟ್‌ಗಳ ಶೇಕಡಾವಾರು, ಇವನ್ನು ವರ್ಷಗಟ್ಟಲೆ ನಿನ್ನದೇ ಹಿಂದಿನ ಅಂಕಿಗಳ ಜೊತೆ ಹೋಲಿಸುತ್ತಾರೆ. ಹೊರಗಿನಿಂದ ಇಪಿಒ ಬಂದಾಗ ಎಳೆಯ ಕಣ ಏರುತ್ತವೆ. ನಿಲ್ಲಿಸಿದಾಗ, ರಕ್ತ ಸಾಕಷ್ಟಿದೆ ಎಂದು ಮಜ್ಜೆ ಕೆಲಸ ನಿಲ್ಲಿಸುವುದರಿಂದ ಹಿಮೊಗ್ಲೋಬಿನ್ ಮೇಲೆ, ಎಳೆಯ ಕಣ ಕೆಳಗೆ. ಈ ಜೋಡಿ ಏರುಪೇರು ನೋಡಿದವರಿಗೆ ಬೇರೆ ಸಾಕ್ಷಿ ಹೆಚ್ಚು ಬೇಕಾಗುವುದಿಲ್ಲ. ಮೂತ್ರದ ಮಾದರಿಯನ್ನು 10 ವರ್ಷದವರೆಗೆ ಇಟ್ಟು ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷಿಸಬಹುದು. "ಸಣ್ಣ ಡೋಸ್" ಎಂದವನು ಆ 10 ವರ್ಷ ನಿನ್ನ ಜೊತೆ ಇರುತ್ತಾನಾ?

ಬೆಟ್ಟ ಕೊಡುವುದನ್ನು ಬೆಟ್ಟದಿಂದಲೇ ಪಡೆಯಬಹುದು, ಕಾಯಬೇಕು ಅಷ್ಟೆ. 2000ದಿಂದ 2500 ಮೀಟರ್ ಎತ್ತರದಲ್ಲಿ ನಿನ್ನ ಕಿಡ್ನಿಯೇ ಒಂದೆರಡು ದಿನದಲ್ಲಿ ಇಪಿಒ ಏರಿಸುತ್ತದೆ. ಒಟ್ಟು ಹಿಮೊಗ್ಲೋಬಿನ್ ನಿಜವಾಗಿ ಹೆಚ್ಚಲು ಮೂರು ವಾರ ಬೇಕು, ಆಗಲೂ ಶೇ 3–4ರ ಆಸುಪಾಸು. ಮೊದಲ ವಾರದ ವರದಿಯಲ್ಲಿ ಹಿಮೊಗ್ಲೋಬಿನ್ ಜಿಗಿದಿದ್ದರೆ ಹಿಗ್ಗಬೇಡ, ಅದು ಪ್ಲಾಸ್ಮಾ ಕುಗ್ಗಿದ್ದು. ಹೊರಡುವ ಮೊದಲೇ ಫೆರಿಟಿನ್ ನೋಡಿಸು, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟೆಂದು ಹೇಳುವುದು ಅದು. 30ರ ಕೆಳಗಿದ್ದರೆ ಮಜ್ಜೆಗೆ ಕಬ್ಬಿಣ ಸಾಲುವುದಿಲ್ಲ, ಎತ್ತರದಲ್ಲಿ ಕೂತದ್ದು ದಂಡ. ನೆಗಡಿ, ಜ್ವರ ಇದ್ದಾಗ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ, ಆದ್ದರಿಂದ ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸು. ಕಬ್ಬಿಣದ ಮಾತ್ರೆಯನ್ನು ಹಾಲು, ಚಹಾ, ಕಾಫಿ ಜೊತೆ ನುಂಗಬೇಡ. ವರದಿ ಇಲ್ಲದೆ ನುಂಗಲೇಬೇಡ, ಹೆಚ್ಚಾದ ಕಬ್ಬಿಣ ಯಕೃತ್ತಿನಲ್ಲಿ ಕೂರುತ್ತದೆ. ಮೊದಲ ನಾಲ್ಕೈದು ದಿನ ಮೆಲ್ಲಗೆ ತುಳಿ. ಕೆಳಗೆ 250 ವ್ಯಾಟ್ ತುಳಿಯುವವಳಿಗೆ ಅಲ್ಲಿ 230ಕ್ಕೇ ಉಸಿರು ಕಟ್ಟುತ್ತದೆ, ಅದು ಸೋಲಲ್ಲ. ಆ ದಿನಗಳಲ್ಲೇ ಮನಸ್ಸು ಕುಗ್ಗುವುದು, ಆಗಲೇ "ರಿಕವರಿ ಡ್ರಿಪ್" ಮಾತು ಬರುವುದು. ಡ್ರಿಪ್‌ನಲ್ಲಿ ಬರೀ ಗ್ಲೂಕೋಸ್ ಇದ್ದರೂ 12 ಗಂಟೆಯಲ್ಲಿ 100 ಮಿಲಿ ಮೀರಿದರೆ ನಿಯಮಭಂಗ, ಆಸ್ಪತ್ರೆಯ ಚಿಕಿತ್ಸೆ ಹೊರತು. "ವಿಟಮಿನ್" ಎಂದರೂ ಒಪ್ಪಬೇಡ. ಪೂರ್ವ ಜರ್ಮನಿಯಲ್ಲಿ ಎಳೆಯ ಹುಡುಗಿಯರಿಗೆ ಓರಲ್ ಟ್ಯುರಿನಬೋಲ್ ಎಂಬ ಸ್ಟಿರಾಯ್ಡನ್ನು ವಿಟಮಿನ್ ಎಂದೇ ನುಂಗಿಸಿದ್ದರು.

ಡೋಪಿಂಗ್ ಪರೀಕ್ಷೆಗೆ ಬಂದಾಗ ಗಾಬರಿಯಾಗಬೇಡ. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೀಯ ಎಂದು ಬರೆದಿರುವ ವಿಳಾಸವನ್ನು ಹೊರಡುವ ಮುನ್ನವೇ ಬದಲಿಸು. ಹನ್ನೆರಡು ತಿಂಗಳಲ್ಲಿ ಮೂರು ತಪ್ಪು ಕೂಡಿದರೆ ಮೈಯಲ್ಲಿ ಏನೂ ಇಲ್ಲದಿದ್ದರೂ ಅಮಾನತು. ಮೂತ್ರ ಕನಿಷ್ಠ 90 ಮಿಲಿ ಬೇಕು. ಬೇಗ ಮುಗಿಸೋಣ ಎಂದು ಬಾಟಲಿಗಟ್ಟಲೆ ನೀರು ಕುಡಿದರೆ ಮಾದರಿ ತೆಳುವಾಗಿ ಮತ್ತೆ ಕೂರಿಸುತ್ತಾರೆ. ಕಿಟ್ ನೀನೇ ಆರಿಸು, ಸೀಲ್ ನೋಡು, ಬಾಟಲಿ ಎರಡರ ಸಂಖ್ಯೆಯನ್ನೂ ಫಾರಂ ಜೊತೆ ಓದಿ ಹೋಲಿಸು, ಮುಚ್ಚಿದ ಮೇಲೆ ತಲೆಕೆಳಗು ಮಾಡಿ ಸೋರುತ್ತದೆಯೇ ನೋಡು. ಏಳು ದಿನದಲ್ಲಿ ತೆಗೆದುಕೊಂಡ ಔಷಧಿ, ಸಪ್ಲಿಮೆಂಟ್ ಎಲ್ಲ ಬರೆ. ಪಾಸ್‌ಪೋರ್ಟಿನ ರಕ್ತವನ್ನು ತುಳಿದ ಕೂಡಲೇ ತೆಗೆಯಬಾರದು, ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ ತೆಗೆಯಬೇಕು. ಎತ್ತರದಲ್ಲಿದ್ದೆ ಎಂದು ಮರೆಯದೆ ಬರೆಸು, ಇಲ್ಲವಾದರೆ ಬೆಟ್ಟ ಕೊಟ್ಟ ಅಂಕಿಯೇ ನಿನ್ನ ಮೇಲೆ ಗುಮಾನಿಯಾಗುತ್ತದೆ. ನೆಗಡಿ ಮಾತ್ರೆಯಲ್ಲಿ ಸೂಡೊಎಫೆಡ್ರಿನ್ ಇದ್ದರೆ ರೇಸಿಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸು. ಪ್ರೋಟೀನ್ ಪುಡಿಯ ಬ್ಯಾಚ್ ಸಂಖ್ಯೆಯ ಫೋಟೊ ಇಟ್ಟುಕೊ, ಡಬ್ಬದ ತಳದಲ್ಲಿ ಒಂದಿಷ್ಟು ಉಳಿಸು. ಮೈಯಲ್ಲಿ ಸಿಕ್ಕರೆ ಹೊಣೆ ನಿನ್ನದೇ, ಕಲಬೆರಕೆ ಎಂದು ತೋರಿಸಬೇಕಾದವಳೂ ನೀನೇ.

ಉಪದೇಶ ಉದ್ದವಾಯಿತು, ಗೊತ್ತು. ಇಳಿಜಾರಿನ ಮಾತೊಂದು ಬಾಕಿ ಇದೆ. 1988ರ ಜೂನ್ 5ರಂದು ಇಟಲಿಯ ಗಾವಿಯಾ ಘಟ್ಟದ ಹಿಮದಲ್ಲಿ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ್ದು ಯೋಹಾನ್ ವಾನ್ ಡೆರ್ ವೆಲ್ಡೆ, ಅರೆತೋಳಿನ ಜರ್ಸಿಯಲ್ಲಿ. ಇಳಿಯುವಾಗ ಮರಗಟ್ಟಿ ಮುಕ್ಕಾಲು ಗಂಟೆ ಕಳೆದುಕೊಂಡ. ಪ್ರತಿ 1000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, 60ರ ವೇಗದ ಗಾಳಿ ಬೇರೆ. ಜಾಕೆಟ್ಟು, ಒಣ ಗ್ಲೌಸು ತುದಿಯಲ್ಲೇ ಹಾಕು, ನಡುಕ ಶುರುವಾದ ಮೇಲಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ. ತಿರುವಿಗೆ ಮೊದಲೇ ಬ್ರೇಕ್ ಹಿಡಿ, ತಿರುವಿನ ಒಳಗೆ ಬ್ರೇಕ್ ಬಿಡು.

ಬೆಟ್ಟದ ಮೇಲೆ ನನಗೆ ಕೋಪವಿಲ್ಲ ಪುಟ್ಟಿ. ಮರಗಳ ಸಾಲು ಮುಗಿದು ಬರೀ ಕಲ್ಲು, ಗಾಳಿ, ಎಲ್ಲೋ ಮಾರ್ಮಟ್ ಸಿಳ್ಳು ಹಾಕುವ ಆ ಎತ್ತರ ನಿನ್ನನ್ನು ಯಾಕೆ ಎಳೆಯುತ್ತದೆ ಎಂದು ನನಗೆ ತಿಳಿಯುತ್ತದೆ. 1910ರ ಟೂರ್ ಡಿ ಫ್ರಾನ್ಸ್‌ನಲ್ಲಿ ಆಕ್ಟಾವ್ ಲಾಪೀಜ್ 326 ಕಿಲೋಮೀಟರಿನ ಒಂದೇ ದಿನದಲ್ಲಿ ಪಿರೆನೀಸ್ ದಾಟುತ್ತ ಸಂಘಟಕರನ್ನು ಕೊಲೆಗಡುಕರು ಎಂದು ಬೈದ, ಆ ದಿನವನ್ನೂ ಆ ಟೂರನ್ನೂ ಗೆದ್ದ. ಬೈಯುವಷ್ಟು ಎಚ್ಚರ ಅವನಿಗಿತ್ತು. 1967ರ ಜುಲೈ 13ರಂದು ಫ್ರಾನ್ಸಿನ ಮಾಂಟ್ ವಾಂತೂವಿನ ಸುಡುವ ಬಿಳಿ ಕಲ್ಲುಗಳ ನಡುವೆ ಟಾಮ್ ಸಿಂಪ್ಸನ್‌ಗೆ ಅದೂ ಇರಲಿಲ್ಲ. ದಣಿದಿದ್ದೇನೆ, ಕಾದಿದ್ದೇನೆ ಎಂದು ಮೈ ಹೇಳುವುದನ್ನು ಆಂಫೆಟಮಿನ್ ಮುಚ್ಚಿಹಾಕಿತ್ತು. ಸತ್ತ, 29 ವರ್ಷಕ್ಕೆ. ನೋಡು, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದೆ.

ತುಳಿದ ವ್ಯಾಟ್ ದಾಖಲಾಗುವ ನಿನ್ನ ಪವರ್ ಫೈಲುಗಳನ್ನು ನಾನು ನೋಡುತ್ತೇನೆ, ನಿನಗೆ ಹೇಳಿಲ್ಲ. ಏರಿನ ಕೊನೆಯ ಹತ್ತು ನಿಮಿಷದಲ್ಲಿ ಬೇರೆಯವರ ಗೆರೆ ಬಾಗುತ್ತದೆ, ನಿನ್ನದು ಬಾಗುವುದಿಲ್ಲ. ಅದು ನಿನ್ನದೇ ರಕ್ತದ ಕೆಲಸ, ಅಂಕಿ ಓದಬಲ್ಲವಳು ಹೇಳುತ್ತಿದ್ದೇನೆ. ತಂಡದವರು ಒತ್ತಾಯ ಮಾಡಿದರೆ ವಾದಿಸಬೇಡ, ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಫೋನ್ ಮಾಡು. ಜಾಗ ಹೋದರೆ ಹೋಗಲಿ.

ಫೆರಿಟಿನ್, ಸಿಆರ್‌ಪಿ ವರದಿ ಬಂದ ದಿನವೇ ಕಳಿಸು. ಬಿಚ್ಚಿದ ಮಾತ್ರೆಯ ಪಟ್ಟಿ ಯಾವುದಾದರೂ ಕೈಗೆ ಕೊಟ್ಟರೆ ಅದರ ಹಿಂಬದಿಯ ಫೋಟೊ ಕೂಡ, ನುಂಗುವ ಮೊದಲು.

ಅಮ್ಮ