ವರ್ಕ್ ಫೋಲ್ಡರ್ ತೋರಿಸಿಕೊಟ್ಟವರಿಗೆ

ಹೆಸರು ಹೇಳದೆ ಸಹಾಯ ಮಾಡಿ ಹೋದವರೇ, ನಿಮಗೆ ದೊಡ್ಡ ಧನ್ಯವಾದ.

ಹೊಸ ಜಾರ್ (ಕಂಪೈಲ್ ಆದ ಜಾವಾ ಕ್ಲಾಸುಗಳ ಕಟ್ಟು) ಹಾಕಿ, ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದರೂ ನಮ್ಮ ಜೆಎಸ್‌ಪಿ ಪುಟದಲ್ಲಿ ಹಳೆಯ ಆವೃತ್ತಿ ಸಂಖ್ಯೆಯೇ ಬರುತ್ತಿತ್ತು. ಉಳಿದವರೆಲ್ಲ ಬ್ರೌಸರ್ ಕ್ಯಾಶೆ ಅಳಿಸಿ ಎಂದರು (ಈ ಸಲಹೆಗೆ ಸಾವಿಲ್ಲ ಬಿಡಿ). ನೀವು ಮಾತ್ರ ಕೇಳಿದ್ದು, "ಆ ಸಂಖ್ಯೆ ಸ್ಟ್ಯಾಟಿಕ್ ಫೈನಲ್ಲಾ?"

ಹೌದು, ಕೋಡಿನಲ್ಲಿ ಅದು ಸ್ಟ್ಯಾಟಿಕ್ ಫೈನಲ್, ಅಂದರೆ ಬದಲಾಗದ ಸ್ಥಿರಾಂಕವೇ ಆಗಿತ್ತು. ಅಂಥ ಸ್ಥಿರಾಂಕದ ಮೌಲ್ಯವನ್ನು ಜಾವಾ ಕಂಪೈಲರ್ ಅದನ್ನು ಬಳಸುವ ಕ್ಲಾಸಿನೊಳಗೇ ಅಚ್ಚೊತ್ತಿಬಿಡುತ್ತದೆ. ಜೆಎಸ್‌ಪಿ (ಜಾವಾ ಕೋಡ್ ಬೆರೆಸಿ ಬರೆಯುವ ವೆಬ್ ಪುಟ) ಕೂಡ ಕೊನೆಗೆ ಟಾಮ್‌ಕ್ಯಾಟ್ ಕಂಪೈಲ್ ಮಾಡಿ ತನ್ನ ವರ್ಕ್ ಫೋಲ್ಡರಿನಲ್ಲಿ ಇಟ್ಟುಕೊಂಡ ಒಂದು ಕ್ಲಾಸೇ ತಾನೆ. ಟಾಮ್‌ಕ್ಯಾಟ್ ಗಮನಿಸುವುದು ಜೆಎಸ್‌ಪಿ ಮತ್ತು ಅದರೊಳಗೆ ಇನ್‌ಕ್ಲೂಡ್ ಆದ ಕಡತಗಳು ಬದಲಾದ ಸಮಯವನ್ನು. ಜಾರ್ ಬದಲಾದರೂ ಅವು ಬದಲಾಗಿರಲಿಲ್ಲ, ಹಾಗಾಗಿ ಮರುಕಂಪೈಲ್ ಆಗಲೇ ಇಲ್ಲ. ನೀವು ಹೇಳಿದಂತೆ ಆ ಕ್ಲಾಸಿನ ಮೇಲೆ ಜಾವಾ-ಪಿ (ಕ್ಲಾಸ್ ಕಡತದೊಳಗಿನ ಸೂಚನೆಗಳನ್ನು ತೋರಿಸುವ javap ಸಾಧನ) ಓಡಿಸಿದರೆ, ಸ್ಥಿರಾಂಕವನ್ನು ಎತ್ತಿಕೊಳ್ಳುವ ಎಲ್‌ಡಿಸಿ ಸೂಚನೆಯ ಸಾಲಿನಲ್ಲಿ ಹಳೆಯ ಸಂಖ್ಯೆ ರಾಜಾರೋಷವಾಗಿ ಕೂತಿತ್ತು!

ಸರ್ವರ್ ನಿಲ್ಲಿಸಿ, ವರ್ಕ್ ಒಳಗಿನ ನಮ್ಮ ಅಪ್ಲಿಕೇಶನ್ನಿನ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿದೆ. ಮೊದಲ ಪುಟ ತುಸು ತಡವಾಗಿ ತೆರೆಯಿತು, ಹೊಸ ಸಂಖ್ಯೆಯೊಂದಿಗೆ. "ವೆಬ್‌ಆಪ್ಸ್ ಮಾತ್ರ ಮುಟ್ಟಬೇಡಿ" (ಅಪ್ಲಿಕೇಶನ್ನುಗಳೇ ಇರುವ ಫೋಲ್ಡರ್ ಅದು) ಎಂದು ಎಚ್ಚರಿಸಿದ್ದಕ್ಕೆ ಇನ್ನೊಂದು ಥ್ಯಾಂಕ್ಸ್. ಮತ್ತೆ ಹಾಗೆ ಅಚ್ಚಾಗದಿರಲಿ ಎಂದು ಆ ಸಂಖ್ಯೆಯನ್ನು ಈಗ ಮೆಥಡ್ ಮೂಲಕ ಕೊಡುತ್ತಿದ್ದೇವೆ.