ಗೆಳೆಯಾ, ಆ ಬಾತುಮರಿಯನ್ನು ಕೆರೆಗೆ ಬಿಡಬೇಡ

ಪ್ರೀತಿಯ ಗೆಳೆಯಾ,

ಕೋಳಿ ಕಾವಿನಲ್ಲಿ ಹುಟ್ಟಿದ ನಿನ್ನ ಬಾತುಮರಿಯ ಬಗ್ಗೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಮ್ಮವ್ವನಿಗೆ ಹೇಳಿದೆ. ಎಡಗಾಲು ಪಕ್ಕಕ್ಕೆ ಜಾರುತ್ತಿದೆ, ಬಲಗಾಲಿನ ಬೆರಳು ಮುಷ್ಟಿ ಹಿಡಿದ ಹಾಗೆ ಮಡಚಿಕೊಂಡಿವೆ, ಒಂದು ಕಣ್ಣು ತೆರೆದೇ ಇಲ್ಲ, ಕಾವು ಕೂತ ಹ್ಯಾಟೆ ಕೋಳಿ ಅದನ್ನು ಮಾತ್ರ ಆಚೆಗೆ ತಳ್ಳುತ್ತಿದೆ. ಅವ್ವ ಕೇಳಿದ್ದು ಒಂದೇ: "ನೀರು ಕುಡೀತೈತಾ?" ಕುಡಿಯುತ್ತಿದೆ ಅಂದೆ. "ಹಂಗಾದ್ರೆ ಬದುಕ್ತದೆ, ಎಲ್ಲೂ ಬಿಡಬ್ಯಾಡ ಅನ್ನು" ಅಂದ್ಲು.

ಫೋನಿನಲ್ಲಿ ಅರ್ಧ ಹೇಳಿ ಅರ್ಧ ಮರೆಯುವ ವಿಷಯ ಇದು, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನರ ಕಣ್ಣಿಗೂ ಬೀಳಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಕಡೆ ಕೋಳಿ ಕೆಳಗೆ ಬಾತಿನ ಮೊಟ್ಟೆ ಇಟ್ಟು ಮರಿ ಮಾಡಿಸುವವರು ಬಹಳ ಜನ ಇದ್ದಾರೆ. ಇಂಥ ಮರಿ ಹುಟ್ಟಿದರೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ.

ಮೊದಲು ನಿನ್ನ ಪಕ್ಕದ ಮನೆಯವರ ಮಾತು. "ನರಳೋದು ಯಾಕೆ, ಕೆರೆಗೆ ಬಿಟ್ಟುಬಿಡಿ, ಬಾತು ತಾನೆ, ಈಜಿಕೊಂಡು ಬದುಕ್ಕೊಳ್ತದೆ" ಅಂದರಂತೆ. ಅವರ ಮನಸ್ಸು ಕೆಟ್ಟದ್ದಲ್ಲ, ಆದರೆ ಮಾತು ತಪ್ಪು. ತಾಯಿ ಬಾತಿನ ರೆಕ್ಕೆಯಡಿ ಬೆಳೆಯದ ಮರಿಯ ನವಿರಿಗೆ ನೀರನ್ನು ತಡೆಯುವ ಎಣ್ಣೆಯ ಪಸೆ ಸಾಕಷ್ಟು ಇರುವುದಿಲ್ಲ. ಬಾಲದ ಬುಡದ ಎಣ್ಣೆಗ್ರಂಥಿ ಸರಿಯಾಗಿ ಕೆಲಸ ಮಾಡುವುದಕ್ಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ನೀರಿನಲ್ಲಿ ಬಿಟ್ಟರೆ ನವಿರು ನೆನೆದು, ಮೈ ತಣ್ಣಗಾಗಿ ಸಾಯುತ್ತದೆ. ಕಾಲು ಸರಿಯಿರುವ ಮರಿಯದ್ದೇ ಈ ಗತಿ, ಇನ್ನು ಇದರ ಮಾತೆಲ್ಲಿ?

ಯಾಕೆ ಹೀಗೆ ಹುಟ್ಟಿತು ಅಂತ ನಿನ್ನ ಮಗಳು ಅಳುತ್ತಾ ಕೇಳಿದಳು ಅಂದೆಯಲ್ಲ, ಯಾರೂ ಏನೂ ಮಾಡಿದ್ದಲ್ಲ ಅಂತ ಅವಳಿಗೆ ಹೇಳು. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆ, ಬಾತಿನದಕ್ಕೆ 28 ದಿನ ಬೇಕು. ಬಾತು ಮೊಟ್ಟೆ ಬಿಟ್ಟು ಎದ್ದು ಹೋಗಿ, ನೀರಿಗಿಳಿದು, ಒದ್ದೆ ಹೊಟ್ಟೆಯಲ್ಲೇ ಬಂದು ಕೂರುತ್ತದೆ. ಕೋಳಿ ಒಣಗಿದ ಮೈಯಲ್ಲೇ ಕೂರುತ್ತದೆ, ದೊಡ್ಡ ಮೊಟ್ಟೆಯನ್ನು ಹೊರಳಿಸುವುದಕ್ಕೂ ಅದು ಒದ್ದಾಡಬೇಕು. ಕಾವಿನ ಶಾಖ, ತೇವ, ಹೊರಳಿಸುವುದು, ಇವುಗಳಲ್ಲಿ ಯಾವುದು ಏರುಪೇರಾದರೂ ಮರಿ ಮೊಟ್ಟೆಯೊಳಗೆ ಅಡ್ಡಾದಿಡ್ಡಿ ಬೆಳೆಯಬಹುದು. ತಾಯಿ ಬಾತು ತಿಂದ ಮೇವಿನಲ್ಲಿ ವಿಟಮಿನ್ ಕಡಿಮೆಯಾಗಿದ್ದರೂ ಹಾಗಾಗಬಹುದು. ಮುಂದಿನ ಸಲ ಕಾವು ಕೂರಿಸಿದಾಗ ಕೊನೆಯ ವಾರ ಮೊಟ್ಟೆಗಳ ಮೇಲೆ ಬೆಚ್ಚಗಿನ ನೀರು ಚಿಮುಕಿಸು.

ಈಗ ಕೆಲಸಕ್ಕೆ ಬರೋಣ. ಮಂಕರಿಯಲ್ಲಿ ಪೇಪರ್ ಹಾಸಿದ್ದೀಯ ಅಂದೆ. ಈ ಕ್ಷಣ ಅದನ್ನು ತೆಗೆ. ಪೇಪರಿನ ಮೇಲೆ ಚೆನ್ನಾಗಿರುವ ಮರಿಯ ಕಾಲೂ ಜಾರಿ ಅಗಲವಾಗುತ್ತದೆ. ಒಗೆದು ಒಣಗಿಸಿದ ಗೋಣಿತಾಟು ಹಾಸು, ಉಗುರಿಗೆ ಹಿಡಿತ ಸಿಗುತ್ತದೆ. ಒಂದು ಮೂಲೆಗೆ ಮಾತ್ರ ಬಲ್ಬು ಕಟ್ಟು. ಮೊದಲ ವಾರ ಬಲ್ಬಿನ ಕೆಳಗೆ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬಾ. ಶಾಖ ಹೆಚ್ಚಾದರೆ ಮರಿ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಕಡಿಮೆಯಾದರೆ ಒಂದೇ ಸಮ ಕೂಗುತ್ತದೆ. ಇದಕ್ಕೆ ತೆವಳಿಕೊಂಡು ಆಚೆ ಈಚೆ ಹೋಗುವುದು ಕಷ್ಟ, ಹಾಗಾಗಿ ನೀನೇ ನೋಡುತ್ತಿರಬೇಕು. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡು.

ಕಾಲಿನ ಮೂಳೆ, ಕೀಲು ಈಗ ಮೆತ್ತಗಿವೆ. ತಿದ್ದಲು ಸಿಗುವುದು ಈ ಮೊದಲ ಕೆಲವು ದಿನಗಳು ಮಾತ್ರ. ಆ ಮೇಲೆ ಎಷ್ಟು ಪ್ರೀತಿ ಸುರಿದರೂ ಮೂಳೆ ಕೇಳುವುದಿಲ್ಲ, ಅದಕ್ಕೇ ನಾನು ಇಷ್ಟು ಅವಸರ ಪಡಿಸುತ್ತಿರುವುದು. ಮೆಡಿಕಲ್ ಸ್ಟೋರಿನಲ್ಲಿ ಕಾಗದದ ಹಾಗಿರುವ ಮೈಕ್ರೋಪೋರ್ ಟೇಪ್ ಸಿಗುತ್ತದೆ. ಎರಡೂ ಕಾಲುಗಳು ದೇಹದ ನೇರ ಕೆಳಗೆ ನಿಲ್ಲುವಷ್ಟು ಅಂತರ ಬಿಟ್ಟು, ಒಂದರಿಂದ ಇನ್ನೊಂದಕ್ಕೆ ಸಡಿಲವಾಗಿ ಕಟ್ಟು. ಹೆಜ್ಜೆ ಇಡಲು ಬರಬೇಕು, ಜಾರಲು ಬರಬಾರದು. ಪಾದ ಊದಿಕೊಂಡಿದೆಯಾ, ಬಣ್ಣ ಬದಲಾಗಿದೆಯಾ ಅಂತ ದಿನಕ್ಕೆರಡು ಸಲ ನೋಡು, ಟೇಪು ಒದ್ದೆಯಾದರೆ ಬದಲಿಸು.

ಮಡಚಿದ ಬೆರಳಿಗೆ ಒಂದು ಹಳೇ ಲಗ್ನಪತ್ರಿಕೆ ಸಾಕು. ಪಾದದ ಆಕಾರಕ್ಕೆ ರಟ್ಟು ಕತ್ತರಿಸಿ, ಬೆರಳುಗಳನ್ನು ನಿಧಾನವಾಗಿ ಬಿಡಿಸಿ, ಅದರ ಮೇಲೆ ಹರಡಿ ಟೇಪ್ ಹಾಕು. ಬೆರಳು ಹೀಗೆ ಮಡಚಿಕೊಳ್ಳುವುದಕ್ಕೆ ಬಿ2 ವಿಟಮಿನ್ ಕೊರತೆಯೂ ಕಾರಣ ಇರಬಹುದು, ಡಾಕ್ಟರ್ ಹತ್ತಿರ ಕೇಳು.

ಟೇಪ್ ಹಾಕುವ ಮೊದಲು ಒಂದು ಪರೀಕ್ಷೆ. ಕಾಲಿನ ನಡುವಿನಲ್ಲಿ ಹಿಂದಕ್ಕೆ ಮಡಚುವ ಕೀಲು ಇದೆಯಲ್ಲ, ಎರಡು ಕಾಲಿನದನ್ನೂ ಬೆರಳಿನಿಂದ ಮುಟ್ಟಿ ಹೋಲಿಸು. ಒಂದು ಊದಿಕೊಂಡು, ಅದರ ಹಿಂದಿನ ನರ ಪಕ್ಕಕ್ಕೆ ಸರಿದ ಹಾಗೆ ಕಂಡರೆ ಅದು ಸ್ನಾಯುರಜ್ಜು ಜಾರಿರುವುದು. ಅದಕ್ಕೆ ನೀನು ಕೈ ಹಾಕಬೇಡ, ನೇರ ಪಶು ಆಸ್ಪತ್ರೆಗೆ ಒಯ್ಯಿ.

ಇನ್ನು ಮೇವು. ಇದನ್ನು ನಿಧಾನವಾಗಿ ಓದು. ಕೋಳಿಮರಿಯ ಸ್ಟಾರ್ಟರ್ ಮೇವು ತಂದು ಹಾಕುತ್ತಿದ್ದೀಯ, ತಪ್ಪಿಲ್ಲ, ಆದರೆ ಅದೊಂದೇ ಸಾಲದು. ಬಾತುಮರಿಗೆ ನಯಾಸಿನ್, ಅಂದರೆ ಬಿ3 ವಿಟಮಿನ್, ಕೋಳಿಮರಿಗಿಂತ ಹೆಚ್ಚು ಬೇಕು. ಬ್ರಾಯ್ಲರ್ ಮರಿಗೆ ಕಿಲೋ ಮೇವಿನಲ್ಲಿ 35 ಮಿಲಿಗ್ರಾಂ ಸಾಕಾದರೆ ಬಾತುಮರಿಗೆ 55 ಮಿಲಿಗ್ರಾಂ ಬೇಕು. ಕೋಳಿಯ ದೇಹ ತಿಂದ ಪ್ರೋಟೀನಿನಿಂದ ಒಂದಿಷ್ಟು ನಯಾಸಿನ್ ತಾನೇ ಮಾಡಿಕೊಳ್ಳುತ್ತದೆ, ಬಾತಿನ ದೇಹಕ್ಕೆ ಅದು ಅಷ್ಟಾಗಿ ಆಗುವುದಿಲ್ಲ. ಮುಸುಕಿನ ಜೋಳದ ನುಚ್ಚು ಹಾಕಿದರೆ ಬಂತಲ್ಲ ಅನ್ನಬೇಡ. ಅದರಲ್ಲಿ ನಯಾಸಿನ್ ಇದ್ದರೂ ಬಹುಪಾಲು ಮೈಗೆ ಹತ್ತದ ರೂಪದಲ್ಲಿರುತ್ತದೆ. ಕೊರತೆಯಾದರೆ ಕಾಲು ಬಿಲ್ಲಿನಂತೆ ಬಾಗುತ್ತದೆ, ಕೀಲು ದಪ್ಪವಾಗುತ್ತದೆ, ಮರಿ ಕೂತಲ್ಲೇ ಕೂರುತ್ತದೆ. ಹುಟ್ಟುವಾಗ ನೆಟ್ಟಗಿದ್ದ ಎಷ್ಟೋ ಮರಿಗಳು ನಮ್ಮ ಹಟ್ಟಿಗಳಲ್ಲಿ ಹೀಗೆ ಕುಂಟಾಗುತ್ತವೆ. ಜನ ಅದನ್ನು ಹಣೆಬರಹ ಅಂತಾರೆ. ಮೇವು ಸರಿಮಾಡಿದರೆ ತಪ್ಪುವಂಥದ್ದನ್ನು ಹಣೆಬರಹ ಅಂದರೆ ನನಗೆ ಸಂಕಟವಾಗುತ್ತದೆ ಕಣೋ.

ಈ ನಯಾಸಿನ್ ಕೊರತೆ ತುಂಬಲು ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಸಲು ಬಳಸುವ ಯೀಸ್ಟ್) ಪುಡಿ ಸಿಗುತ್ತದೆ. ಬೇಕರಿಯಲ್ಲಿ ಹಿಟ್ಟು ಹುದುಗಿಸುವ ಯೀಸ್ಟ್ ಅಲ್ಲ, ಅದು ಬೇರೆ. ಒಂದು ಲೋಟ ಮೇವಿಗೆ ಒಂದು ದೊಡ್ಡ ಚಮಚ ಬೆರೆಸು. ಹಸಿ ಬಟಾಣಿಯನ್ನು ಬೇಯಿಸಿ ನುರಿದು ಕೊಡು. ಕಾಲು ಆಗಲೇ ಬಾಗುತ್ತಿದ್ದರೆ ನಯಾಸಿನ್ ಮಾತ್ರೆಯ ಅಳತೆಯನ್ನು ಡಾಕ್ಟರೇ ಹೇಳಲಿ. ಮೇವನ್ನು ನೀರಿನಲ್ಲಿ ಕಲಸಿಯೇ ಇಡು, ಒಣ ಪುಡಿ ಗಂಟಲಿಗೆ ಕಟ್ಟುತ್ತದೆ. ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಲಿ. ಕಾಲು ನಿಲ್ಲದ ಮರಿ ಒಳಗೆ ಬೀಳದ ಹಾಗೆ ಬಟ್ಟಲಲ್ಲಿ ನಾಲ್ಕು ಕಲ್ಲು ಹಾಕು. ಬ್ರೆಡ್ಡು ಬೇಡ.

ಬೂಷ್ಟು ಬಂದ ಹುಲ್ಲು, ಮುಗ್ಗಿದ ಕಡಲೆಕಾಯಿ ಹಿಂಡಿ ಹತ್ತಿರವೂ ಬರಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಅನ್ನುವ ವಿಷ ಬೆಳಕಿಗೆ ಬಂದಿದ್ದೇ ಹಾಗೆ. ಮೇವಿನಲ್ಲಿ ಆ ವಿಷ ಇದೆಯಾ ಅಂತ ತಿಳಿಯಲು ವಿಜ್ಞಾನಿಗಳು ಬಾತುಮರಿಗಳಿಗೇ ತಿನ್ನಿಸಿ ನೋಡುತ್ತಿದ್ದರು, ಯಾಕೆಂದರೆ ಅವುಗಳ ಪಿತ್ತಜನಕಾಂಗ ಅಷ್ಟು ಸೂಕ್ಷ್ಮ. ಓದಿದಾಗಿನಿಂದ ನಾನು ಹಿಂಡಿಯನ್ನು ಮೂಸಿ ನೋಡದೆ ಹಾಕುವುದಿಲ್ಲ.

ಕಣ್ಣು ತೆರೆಯದೇ ಹೋಗಬಹುದು. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸು, ಅಂಟಿಕೊಂಡಿದ್ದರೆ ಬಿಡುತ್ತದೆ. ಹುಟ್ಟಾ ಕುರುಡಾದರೆ ತಿದ್ದುವುದಕ್ಕಿಲ್ಲ. ಆಗ ಮಾಡಬೇಕಾದ ಕೆಲಸ ಮರಿಯ ಮೇಲಲ್ಲ, ಅದರ ಜಾಗದ ಮೇಲೆ. ನೀರು, ಮೇವು ಯಾವತ್ತೂ ಒಂದೇ ಕಡೆ ಇರಲಿ. ಕಾಣುವ ಕಣ್ಣಿನ ಕಡೆಯಿಂದಲೇ ಹತ್ತಿರ ಹೋಗು, ಮೊದಲು ಮಾತಾಡಿಸು. ನಮ್ಮ ಮನೆಯ ಕುಂಟು ಬಾತನ್ನು ನೀನು ನೋಡಿದ್ದೀಯಲ್ಲ, ಅವ್ವ 'ಕೂಸು' ಅಂತ ಕರೆಯುವುದನ್ನು. ಅದರ ಬಲಗಾಲಿನ ಕೀಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಟ್ಟಿಯ ಮೆಟ್ಟಿಲು ತೆಗೆಸಿ ಮಣ್ಣಿನ ಇಳಿಜಾರು ಮಾಡಿದೆವು, ಅಷ್ಟೇ. ಮೊಟ್ಟೆ ಇಡುತ್ತದೆ, ಭತ್ತ ಕೊಯ್ದ ಗದ್ದೆಯಲ್ಲಿ ಉಳಿದವುಗಳ ಹಿಂದೆಯೇ ಬಸವನಹುಳು ಹುಡುಕುತ್ತದೆ.

ಅದನ್ನು ಒಂಟಿಯಾಗಿ ಇಡಬೇಡ. ಜೊತೆಗೆ ಹುಟ್ಟಿದ್ದರಲ್ಲಿ ಸಾಧು ಮರಿ ಒಂದನ್ನು ಮಂಕರಿಗೆ ಬಿಡು, ಕುಕ್ಕುತ್ತದಾ ಅಂತ ಮೊದಲ ದಿನ ನೋಡಿಕೋ. ಬಾತುಮರಿ ಹುಟ್ಟಿದ ಹೊಸದರಲ್ಲಿ ಕಂಡವರನ್ನೇ ತಾಯಿ ಅಂತ ಅಂಟಿಕೊಳ್ಳುತ್ತದೆ. ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿ 1973ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಅವರ ಹಿಂದೆ ಹೆಬ್ಬಾತಿನ ಮರಿಗಳು ಸಾಲುಗಟ್ಟಿ ನಡೆದದ್ದು ಪ್ರಸಿದ್ಧ. ನಿನ್ನ ಮಗಳಿಗೆ ಅದು ಅಂಟಿಕೊಂಡರೆ ಚೆಂದವೇ, ಆದರೆ ಅವಳು ಸ್ಕೂಲಿಗೆ ಹೋದಾಗ ಅದು ಕೂಗಿ ಕೂಗಿ ಸೋಲಬಾರದು. ಬೀದಿಯ ಹುಡುಗರು ಅದು ಬೀಳುವುದನ್ನು ಮೊಬೈಲಿನಲ್ಲಿ ಹಿಡಿದು ನಗಲು ಬಂದರೆ ಗೇಟಿನಿಂದಲೇ ಕಳಿಸು. ಆ ಥರದ ವಿಡಿಯೋ ನೋಡಿದರೆ ನನಗೆ ಹೊಟ್ಟೆಯಲ್ಲಿ ಉರಿಯುತ್ತದೆ.

ನಾವಿಬ್ಬರೂ ಸೈಕಲ್ ತುಳಿದುಕೊಂಡು ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವಲ್ಲ. ಅಲ್ಲಿ ಮರದಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಊರವರೇ ಬಲೆಯೊಳಗಿಟ್ಟು, ಮೀನು ತಿನ್ನಿಸಿ ಸಾಕುತ್ತಾರೆ. ಹಾರುವ ಶಕ್ತಿ ಬಂದಾಗ ಬಿಡುತ್ತಾರೆ. ಬಿದ್ದ ಮರಿಯನ್ನು ಇಡೀ ಊರು ತನ್ನದು ಅಂದುಕೊಳ್ಳುವ ಜಿಲ್ಲೆ ನಮ್ಮದು. ಒಂದು ಸಾಕಿದ ಬಾತುಮರಿಗೆ ಒಂದು ಮಂಕರಿ ಜಾಗ ಕೊಡಲಾರೆವಾ?

ಒಂದು ಮಾತು ಮಾತ್ರ ಮುಚ್ಚಿಡುವುದಿಲ್ಲ. ನುಂಗಲು ಆಗದೆ, ಕತ್ತು ಎತ್ತಲು ಆಗದೆ ದಿನೇ ದಿನೇ ಇಳಿಯುತ್ತಾ ಹೋದರೆ, ಹಟಕ್ಕೆ ಬಿದ್ದು ಎಳೆಯಬೇಡ. ನೋವಿಲ್ಲದ ದಾರಿಯನ್ನು ಡಾಕ್ಟರ್ ಹತ್ತಿರವೇ ಕೇಳು. ಆದರೆ ನೀನು ಹೇಳಿದ ಮರಿ ಅಂಥದ್ದಲ್ಲ. ಅದು ನೀರು ಕುಡಿಯುತ್ತಿದೆ, ಮೇವಿನ ಕಡೆ ತೆವಳುತ್ತಿದೆ.

ಟೇಪ್ ಕಟ್ಟಿದ ಮೇಲೆ ದಿನಕ್ಕೊಮ್ಮೆ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಟೇಪ್ ಬಿಚ್ಚಿ, ಹೊಟ್ಟೆಗೆ ಅಂಗೈ ಕೊಟ್ಟು ಸ್ವಲ್ಪ ಹೊತ್ತು ಕಾಲಾಡಿಸಲು ಬಿಡಬಹುದು. ಮೈಭಾರ ಇಲ್ಲದೆ ಕಾಲಿಗೆ ಕಸುವು ಬರುತ್ತದೆ. ತಕ್ಷಣ ಒರೆಸಿ ಬಲ್ಬಿನ ಕೆಳಗೆ ಇಡು.

ಭಾನುವಾರ ಬೆಳಗ್ಗೆ ಮಂಡ್ಯದಿಂದ ಮೊದಲ ಬಸ್ಸಿಗೇ ಮೈಸೂರಿಗೆ ಬರುತ್ತೇನೆ, ಯೀಸ್ಟ್ ಪುಡಿ ನಾನೇ ತರುತ್ತೇನೆ. ಅಲ್ಲಿಯವರೆಗೆ ಕಾಯಬೇಡ, ಗೋಣಿತಾಟು ಮತ್ತು ಟೇಪ್ ಇವತ್ತೇ ಆಗಲಿ. ಎರಡು ಕಾಲಿನ ಕೀಲೂ ಕಾಣುವ ಹಾಗೆ ಹಿಂದಿನಿಂದ ಒಂದು ಫೋಟೋ ತೆಗೆದು ಈಗಲೇ ಕಳಿಸು.

ನಿನ್ನ ಗೆಳೆಯ